ಹಳೆ ರೇಡಿಯೊದ ವಾಲ್ವ್‌ನಲ್ಲಿ ಕೋಟಿ ಬೆಲೆಯ ‘ಕೆಂಪು ಪಾದರಸ’ ಇದೆಯೇ? ಜಾಲಹಳ್ಳಿ ವಾಲ್ವ್‌ಗಳಿಗೆ ಇರುವ ನಿಜವಾದ ಬೆಲೆ ಯಾವುದು?

ಮನೆಯ ಅಟ್ಟದ ಮೇಲೆ ಹಳೆ ಕಾಲದ ವಾಲ್ವ್ ರೇಡಿಯೊ ಇದ್ದರೆ ಗುಜರಿಗೆ ಹಾಕಬೇಡಿ. ಅದರೊಳಗಿನ ಗಾಜಿನ ಬುರುಡೆಯಲ್ಲಿ ‘ರೆಡ್ ಮರ್ಕ್ಯುರಿ’, ಅಂದರೆ ಕೆಂಪು ಪಾದರಸ ಇರುತ್ತದೆ. ಅದಕ್ಕೆ ಲಕ್ಷ, ಕೋಟಿಗಳ ಬೆಲೆ ಇದೆ. ಕೊಳ್ಳಲು ವಿದೇಶಿ ಕಂಪನಿಗಳು ಕಾಯುತ್ತಿವೆ. ಈ ನಂಬರ್‌ಗೆ ಫೋಟೊ ಕಳಿಸಿ. ಹೀಗೆ ಹೇಳುವ ವಿಡಿಯೊ ಮತ್ತು ಫಾರ್ವರ್ಡ್‌ಗಳು ಕೆಲವು ಕಾಲ ಸುಮ್ಮನಿದ್ದು ಮತ್ತೆ ಎದ್ದು ಬರುತ್ತವೆ. ಕೆಲವೊಮ್ಮೆ ರೇಡಿಯೊ ಜಾಗದಲ್ಲಿ ಹಳೆ ಟಿವಿ ಇರುತ್ತದೆ, ಕೆಲವೊಮ್ಮೆ ಹೊಲಿಗೆ ಯಂತ್ರ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ರೇಡಿಯೊ ವಾಲ್ವ್‌ನಲ್ಲಿ ಕೆಂಪು ಪಾದರಸ ಇಲ್ಲ. ಫಾರ್ವರ್ಡ್‌ಗಳು ಹೇಳುವಂಥ ಕೆಂಪು ಪಾದರಸ ಎಂಬ ವಸ್ತು ಜಗತ್ತಿನಲ್ಲೇ ಇಲ್ಲ. ಆದರೆ ಫಾರ್ವರ್ಡ್‌ನ ಮೊದಲ ಸಾಲು ಮಾತ್ರ ಸರಿ: ಆ ರೇಡಿಯೊವನ್ನು ಗುಜರಿಗೆ ಹಾಕಬೇಡಿ. ಅದರ ವಾಲ್ವ್‌ಗಳನ್ನು ಹುಡುಕಿಕೊಂಡು ಬರುವವರು ನಿಜವಾಗಿಯೂ ಇದ್ದಾರೆ. ಅವರಿಗೆ ಬೇಕಿರುವುದು ಪಾದರಸವಲ್ಲ, ಸಂಗೀತ. ಆ ವಾಲ್ವ್‌ಗಳಲ್ಲಿ ಎಷ್ಟೋ ನಮ್ಮ ಯಶವಂತಪುರದ ಪಕ್ಕದ ಜಾಲಹಳ್ಳಿಯಲ್ಲೇ ತಯಾರಾದವು.

ವಾಲ್ವ್‌ ಒಳಗೆ ಇರುವುದೇನು?

ಟ್ರಾನ್ಸಿಸ್ಟರ್ ಬರುವ ಮೊದಲು ಸಣ್ಣ ವಿದ್ಯುತ್ ಸಂಕೇತವನ್ನು ದೊಡ್ಡದು ಮಾಡುತ್ತಿದ್ದದ್ದು ವಾಲ್ವ್. ಹೆಬ್ಬೆರಳು ಗಾತ್ರದ ಗಾಜಿನ ಬುರುಡೆ, ಒಳಗೆ ಗಾಳಿ ಇಲ್ಲ. ನಡುವೆ ಒಂದು ಸಣ್ಣ ಲೋಹದ ಕೊಳವೆ, ಅದರೊಳಗೆ ಕಾಯುವ ತಂತಿ. ರೇಡಿಯೊ ಹಾಕಿದಾಗ ಕೆಂಡದಂತೆ ಮಿನುಗುವುದು ಇದೇ. ಕೊಳವೆಯ ಮೇಲೆ ಬೇರಿಯಂ, ಸ್ಟ್ರಾಂಷಿಯಂ ಆಕ್ಸೈಡ್‌ಗಳ ಬಿಳಿ ಲೇಪ ಇರುತ್ತದೆ. ಬಿಸಿಯಾದಾಗ ಆ ಲೇಪದಿಂದ ಎಲೆಕ್ಟ್ರಾನ್‌ಗಳು ಹೊರಬಿದ್ದು ಸುತ್ತಲಿನ ಲೋಹದ ತಗಡಿನ ಕಡೆಗೆ ಓಡುತ್ತವೆ. ನಡುದಾರಿಯಲ್ಲಿ ಜರಡಿಯಂತೆ ಸುತ್ತಿದ ತೆಳು ತಂತಿ ಇದೆ. ಅದಕ್ಕೆ ಕೊಡುವ ಚೂರು ವೋಲ್ಟೇಜ್ ಹೆಚ್ಚುಕಡಿಮೆಯಾದರೆ ಎಲೆಕ್ಟ್ರಾನ್‌ಗಳ ಓಟವೂ ಹೆಚ್ಚುಕಡಿಮೆಯಾಗುತ್ತದೆ. ನಲ್ಲಿ ತಿರುಪಿದಂತೆ. ವಾಲ್ವ್ ಎಂಬ ಹೆಸರು ಬಂದದ್ದು ಮಾತ್ರ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಗುಣದಿಂದ.

ಮೊದಲ ವಾಲ್ವ್ 1904ರಲ್ಲಿ ಇಂಗ್ಲೆಂಡಿನ ಜಾನ್ ಫ್ಲೆಮಿಂಗ್ ಅವರದು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಜರಡಿ ಸೇರಿಸಿದರು. ಅಲ್ಲಿಂದ ಸುಮಾರು ಅರ್ಧ ಶತಮಾನ ರೇಡಿಯೊ, ಸಿನಿಮಾ ಮಂದಿರ, ಸಾರ್ವಜನಿಕ ಸಭೆಯ ಮೈಕು ಎಲ್ಲವೂ ಇದರ ಮೇಲೇ ನಡೆದವು.

ನಮ್ಮಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ನೆರವಿನಿಂದ ಶುರುವಾಯಿತು. ಸೇನೆಗೆ ಸಂಪರ್ಕ ಸಾಧನ ತಯಾರಿಸುವುದು ಮುಖ್ಯ ಕೆಲಸ. 1961ರಲ್ಲಿ ರೇಡಿಯೊಗೆ ಬೇಕಾದ ರಿಸೀವಿಂಗ್ ವಾಲ್ವ್‌ಗಳ ತಯಾರಿಕೆ ಆರಂಭವಾಯಿತು. ಮರುವರ್ಷವೇ, 1962ರಲ್ಲಿ, ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳೂ ಬಂದವು. ವಾಲ್ವ್‌ನ ಕೊನೆಗಾಲ ಮತ್ತು ಟ್ರಾನ್ಸಿಸ್ಟರ್‌ನ ಬಾಲ್ಯ ಒಂದೇ ಕಾಂಪೌಂಡಿನೊಳಗೆ ಒಂದು ವರ್ಷದ ಅಂತರದಲ್ಲಿ ನಡೆದವು ಎನ್ನುವುದು ನಮಗಂತೂ ಸೋಜಿಗ. ಬಿಇಎಲ್ ಸರ್ಕಲ್‌ನಲ್ಲಿ ಸಿಗ್ನಲ್‌ಗೆ ಕಾಯುವಾಗ ನೆನೆಸಿಕೊಳ್ಳಬಹುದಾದ ವಿಷಯ.

ಆ ಬೆಳ್ಳಿ ಬಣ್ಣ ಪಾದರಸವಲ್ಲವೇ?

ಗೊಂದಲ ಹುಟ್ಟುವುದು ಇಲ್ಲಿಂದ. ಯಾವ ವಾಲ್ವ್ ನೋಡಿದರೂ ಬುರುಡೆಯ ಮೇಲ್ತುದಿಯಲ್ಲೋ ಪಕ್ಕದಲ್ಲೋ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಮಚ್ಚೆ ಇರುತ್ತದೆ. ಥರ್ಮಾಮೀಟರ್ ನೋಡಿದ ಕಣ್ಣಿಗೆ ಪಾದರಸ ಎಂದು ಅನ್ನಿಸುವುದು ಸಹಜ. ಅದು ಬೇರಿಯಂ ಲೋಹ.

ಬುರುಡೆಯ ಗಾಳಿಯನ್ನು ಪಂಪಿನಿಂದ ಎಷ್ಟೇ ತೆಗೆದರೂ ಸ್ವಲ್ಪ ಉಳಿಯುತ್ತದೆ. ಲೋಹದ ಭಾಗಗಳಿಂದಲೂ ನಿಧಾನವಾಗಿ ಅನಿಲ ಹೊರಬರುತ್ತದೆ. ಆದ್ದರಿಂದ ತಯಾರಿಕೆಯ ಕೊನೆಯಲ್ಲಿ ಒಳಗಿರುವ ಪುಟ್ಟ ಬಳೆಯಂಥ ಭಾಗವನ್ನು ಹೊರಗಿನಿಂದಲೇ ಕಾಯಿಸುತ್ತಾರೆ. ಅದರಲ್ಲಿದ್ದ ಬೇರಿಯಂ ಆವಿಯಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಮುಂದೆ ಉಳಿದ ಅನಿಲವನ್ನು ಇದೇ ಹೀರಿಕೊಳ್ಳುತ್ತದೆ. ತಂತ್ರಜ್ಞರು ಇದನ್ನು ಗೆಟರ್ ಎನ್ನುತ್ತಾರೆ. ಗಾಜು ಬಿರುಕು ಬಿಟ್ಟು ಗಾಳಿ ನುಗ್ಗಿದರೆ ಬೇರಿಯಂ ಆಮ್ಲಜನಕದ ಜೊತೆ ಸೇರಿ ಮಚ್ಚೆ ಹಾಲಿನಂತೆ ಬೆಳ್ಳಗಾಗುತ್ತದೆ. ವಾಲ್ವ್ ರಿಪೇರಿ ಮಾಡುವವರು ಮೀಟರ್ ಹಿಡಿಯುವ ಮುಂಚೆಯೇ ನೋಡುವುದು ಇದನ್ನು. ಮೇಲ್ತುದಿ ಬೆಳ್ಳಗಾಗಿದ್ದರೆ ಆ ವಾಲ್ವ್ ಸತ್ತಿದೆ. ಪಾದರಸವಾಗಿದ್ದರೆ ಅದು ದ್ರವವಾಗಿ ಉರುಳಾಡಬೇಕಿತ್ತು. ಈ ಮಚ್ಚೆ ವಾಲ್ವ್ ಅಲ್ಲಾಡಿಸಿದರೂ ಕದಲುವುದಿಲ್ಲ.

ಕೆಂಪು ಬಣ್ಣದ ವಿಷಯಕ್ಕೂ ಒಂದು ಸಾದಾ ವಿವರಣೆ ಇದೆ. 1930ರ ದಶಕದ ಕೊನೆಯಲ್ಲಿ ಫಿಲಿಪ್ಸ್ ಕಂಪನಿ ಹೊರಮೈಗೆ ಕೆಂಪು ಬಣ್ಣ ಬಳಿದ ವಾಲ್ವ್‌ಗಳನ್ನು ಮಾರಿತ್ತು. ಅದು ಬರೀ ಹೊರಗಿನ ಲೇಪ.

ಪಾದರಸ ಇರುವ ವಾಲ್ವ್‌ಗಳೂ ಇದ್ದವು, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ದೊಡ್ಡ ಟ್ರಾನ್ಸ್‌ಮಿಟರ್‌ಗಳಲ್ಲಿ ಎಸಿ ಕರೆಂಟನ್ನು ಡಿಸಿ ಮಾಡಲು ಪಾದರಸದ ಆವಿ ತುಂಬಿದ ವಾಲ್ವ್‌ಗಳನ್ನು ಬಳಸುತ್ತಿದ್ದರು. ಅವು ನೀಲಿ ಬೆಳಕು ಸೂಸುತ್ತವೆ. ಒಳಗಿರುವುದು ಮಾಮೂಲಿ ಬೆಳ್ಳಿ ಬಣ್ಣದ ಪಾದರಸ. ಮನೆಯ ರೇಡಿಯೊದಲ್ಲಿ ಅವು ಇರುವುದಿಲ್ಲ. ತಮಾಷೆ ಎಂದರೆ, ನಿಮ್ಮ ಅಡುಗೆಮನೆಯ ಹಳೆ ಟ್ಯೂಬ್‌ಲೈಟ್ ಅಥವಾ ಸಿಎಫ್‌ಎಲ್ ಬಲ್ಬಿನಲ್ಲಿ ಕೆಲವು ಮಿಲಿಗ್ರಾಂ ಪಾದರಸ ಇದೆ. ತಾತನ ರೇಡಿಯೊ ವಾಲ್ವ್‌ನಲ್ಲಿ ಅಷ್ಟೂ ಇಲ್ಲ.

ಹಾಗಾದರೆ ಈ ಕೆಂಪು ಪಾದರಸದ ಕಥೆ ಎಲ್ಲಿಂದ ಬಂತು?

ಪಾದರಸದ ಕೆಂಪು ಸಂಯುಕ್ತಗಳು ಇವೆ. ಆಯುರ್ವೇದದ ಹಿಂಗುಲ ಪಾದರಸ ಮತ್ತು ಗಂಧಕ ಸೇರಿದ ಕೆಂಪು ಖನಿಜ. ಅದರಲ್ಲಿ ಗುಟ್ಟೇನೂ ಇಲ್ಲ, ಕೋಟಿ ಬೆಲೆಯೂ ಇಲ್ಲ. ಫಾರ್ವರ್ಡ್‌ನ ಕೆಂಪು ಪಾದರಸ ಬೇರೆ ಜಾತಿಯದು. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ ಕಾಲದಲ್ಲಿ, ಅಣುಬಾಂಬಿಗೆ ಬೇಕಾದ ರಹಸ್ಯ ವಸ್ತು ಕಳ್ಳಸಾಗಣೆಯಾಗುತ್ತಿದೆ ಎಂಬ ವದಂತಿ ಹಬ್ಬಿತು. ಕೊಳ್ಳುವವರೂ ಮಾರುವವರೂ ಸಿಕ್ಕಿದರು, ವಸ್ತು ಮಾತ್ರ ಸಿಗಲಿಲ್ಲ. ಪೊಲೀಸರು ಹಿಡಿದು ಪರೀಕ್ಷಿಸಿದ ಮಾದರಿಗಳಲ್ಲಿ ಮಾಮೂಲಿ ಪಾದರಸ, ಅದರ ಸಂಯುಕ್ತಗಳು, ಬಣ್ಣ ಇಂಥವೇ ಸಿಕ್ಕಿವೆ. ಅಂಥ ವಸ್ತು ಇಲ್ಲ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಹೇಳಿದೆ.

2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆ ಸಿಂಗರ್ ಹೊಲಿಗೆ ಯಂತ್ರಗಳ ಸೂಜಿಯಲ್ಲಿ ಕೆಂಪು ಪಾದರಸ ಇದೆ ಎಂಬ ಸುದ್ದಿ ಹಬ್ಬಿತು. ಜನ ಮುಗಿಬಿದ್ದು ಕೊಂಡರು, ಯಂತ್ರಗಳ ಬೆಲೆ ಗಗನಕ್ಕೇರಿತು, ಕೊನೆಗೆ ಪೊಲೀಸರು ತನಿಖೆಗೆ ಇಳಿಯಬೇಕಾಯಿತು. ನಮ್ಮ ಫಾರ್ವರ್ಡ್‌ಗಳಲ್ಲಿ ಹೊಲಿಗೆ ಯಂತ್ರ ಬರುವುದು ಈ ಹಳೆಯ ಸುದ್ದಿಯ ಪಳೆಯುಳಿಕೆ ಇದ್ದಂತಿದೆ.

ವಿಡಿಯೊಗಳಲ್ಲಿ ಕೆಂಪು ಗುಂಡು ಬೆಳ್ಳುಳ್ಳಿ ಕಂಡರೆ ಓಡುತ್ತದೆ, ಚಿನ್ನ ಕಂಡರೆ ಹತ್ತಿರ ಬರುತ್ತದೆ, ಕನ್ನಡಿಯಲ್ಲಿ ಕಾಣುವುದಿಲ್ಲ. ಇದರಲ್ಲಿ ಚಿನ್ನದ ಮಾತಿಗೆ ಮಾತ್ರ ಎಳೆಯಷ್ಟು ಆಧಾರ ಇದೆ: ಮಾಮೂಲಿ ಪಾದರಸವೂ ಚಿನ್ನಕ್ಕೆ ಅಂಟಿ ಅದನ್ನು ಕರಗಿಸಿಕೊಳ್ಳುತ್ತದೆ. ಆದರೆ ದೂರದಿಂದ ಓಡಿಬರುವುದಿಲ್ಲ. ಮಿಕ್ಕದ್ದಕ್ಕೆ ಮೇಜಿನ ಕೆಳಗೊಂದು ಅಯಸ್ಕಾಂತ, ಫೋನಿನಲ್ಲೊಂದು ಎಡಿಟಿಂಗ್ ಆ್ಯಪ್ ಸಾಕು. ಇನ್ನು ಕನ್ನಡಿಯಲ್ಲಿ ಕಾಣದ ವಸ್ತು ಮೊಬೈಲ್ ಕ್ಯಾಮೆರಾದಲ್ಲಿ ಹೇಗೆ ಕಂಡಿತು ಎಂದು ಗ್ರೂಪಿನಲ್ಲಿ ಯಾರೂ ಕೇಳುವುದಿಲ್ಲ.

ದುಡ್ಡು ಹೋಗುವುದು ಹೇಗೆ?

ಫೋಟೊ ಕಳಿಸಿದರೆ ‘ನಿಮ್ಮದು ಅಸಲಿ’ ಎಂಬ ಉತ್ತರ ಬರುತ್ತದೆ. ಆಮೇಲೆ ಲ್ಯಾಬ್ ಟೆಸ್ಟಿಂಗ್ ಫೀಸು, ವಿಜ್ಞಾನಿಯ ಪ್ರಯಾಣದ ಖರ್ಚು, ಸರ್ಕಾರಿ ಸರ್ಟಿಫಿಕೇಟು, ದೊಡ್ಡ ಮೊತ್ತ ವರ್ಗಾಯಿಸಲು ಬ್ಯಾಂಕ್ ಶುಲ್ಕ. ಎಲ್ಲವೂ ಮುಂಗಡ. ‘ರೈಸ್ ಪುಲ್ಲಿಂಗ್’ ತಾಮ್ರದ ಚೊಂಬು, ಎರಡು ತಲೆ ಹಾವು ಎಂದು ಕರೆಯುವ ಮಣ್ಣುಮುಕ್ಕ ಹಾವಿನ ಕಥೆಗಳಲ್ಲೂ ಇದೇ ಜಾಡು. ವಸ್ತು ಬದಲಾಗುತ್ತದೆ, ಮುಂಗಡ ಬದಲಾಗುವುದಿಲ್ಲ. ನಿಮ್ಮ ಕಡೆಯವರು ಯಾರಾದರೂ ಈಗಾಗಲೇ ದುಡ್ಡು ಕಳಿಸಿದ್ದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ಹೇಳಿದಷ್ಟೂ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಪಾದರಸ ಹುಡುಕುತ್ತಾ ವಾಲ್ವ್ ಒಡೆದರೆ, ಅದುವರೆಗೆ ಕೆಲಸ ಮಾಡಬಹುದಾಗಿದ್ದ ರೇಡಿಯೊ ಆ ಕ್ಷಣಕ್ಕೆ ಗುಜರಿಯಾಗುತ್ತದೆ.

ವಾಲ್ವ್ ಕೊಳ್ಳುವವರು ಯಾರು?

ಹೈಎಂಡ್ ಆಡಿಯೊ ಹವ್ಯಾಸಿಗಳು. ಮನೆಯಲ್ಲಿ ಕೂತು ರೆಕಾರ್ಡ್ ಆದ ಸಂಗೀತವನ್ನು ಆದಷ್ಟು ಚೆನ್ನಾಗಿ ಕೇಳಬೇಕು ಎಂದು ಟರ್ನ್‌ಟೇಬಲ್, ಆಂಪ್ಲಿಫೈಯರ್, ಸ್ಪೀಕರ್‌ಗೆ ಲಕ್ಷಗಟ್ಟಲೆ ಸುರಿಯುವವರು. ಇವರಲ್ಲಿ ಒಂದು ಪಂಗಡಕ್ಕೆ ವಾಲ್ವ್ ಆಂಪ್ಲಿಫೈಯರ್ ಎಂದರೆ ಪ್ರಾಣ. ವಾಲ್ವ್ ತಯಾರಿಕೆ ಇವತ್ತಿಗೂ ನಿಂತಿಲ್ಲ. ರಷ್ಯಾ, ಚೀನಾ, ಸ್ಲೊವಾಕಿಯಾದಲ್ಲಿ ಹೊಸದಾಗಿ ತಯಾರಾಗುತ್ತವೆ. ಆದರೂ 50, 60ರ ದಶಕದ ಬಳಸದ ಹಳೆ ಸರಕು ಸಿಕ್ಕರೆ ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ಬಿಇಎಲ್ ಮುದ್ರೆಯ ವಾಲ್ವ್‌ಗಳೂ ಈ ಬೇಟೆಯಲ್ಲಿವೆ.

ವಾಲ್ವ್ ಮೇಲಿನ ಅಕ್ಷರಗಳನ್ನು ಓದಲು ಕಲಿತರೆ ನಿಮ್ಮಲ್ಲಿರುವುದು ಏನೆಂದು ನಿಮಗೇ ತಿಳಿಯುತ್ತದೆ. ಬಿಇಎಲ್ ಬಳಸಿದ್ದು ಯುರೋಪಿನ ಫಿಲಿಪ್ಸ್, ಮುಲ್ಲಾರ್ಡ್ ಕಂಪನಿಗಳ ಕೋಡ್. ‘ಇಎಲ್84’ ಎಂದಿದ್ದರೆ, ‘ಇ’ ಎಂದರೆ ಕಾಯುವ ತಂತಿಗೆ 6.3 ವೋಲ್ಟ್ ಬೇಕು. ‘ಎಲ್’ ಎಂದರೆ ಸ್ಪೀಕರ್ ನಡೆಸುವಷ್ಟು ಶಕ್ತಿ ಇರುವ ವಾಲ್ವ್. 8 ಎಂದರೆ ತಳದಲ್ಲಿ ಒಂಬತ್ತು ಪಿನ್. ಕೊನೆಯ 4 ಬರೀ ಸರಣಿ ಸಂಖ್ಯೆ. ‘ಇಸಿಸಿ83’ರಲ್ಲಿ ಎರಡು ‘ಸಿ’ ಇರುವುದು ಒಂದೇ ಬುರುಡೆಯಲ್ಲಿ ಎರಡು ಸಣ್ಣ ವಾಲ್ವ್‌ಗಳಿವೆ ಎನ್ನುವುದಕ್ಕೆ. ಆಂಪ್ಲಿಫೈಯರ್‌ಗೆ ಹೊಂದುವ ಇಂಥವಕ್ಕೆ ಬೇಡಿಕೆ ಇದೆ. ರೇಡಿಯೊ ಅಲೆ ಹಿಡಿಯಲು ಮಾತ್ರ ಬರುವ ಉಳಿದ ಬಗೆಗಳನ್ನು ಕೇಳುವವರು ಕಡಿಮೆ. ಒಳ್ಳೆಯ ಸ್ಥಿತಿಯ ಒಂದು ವಾಲ್ವ್‌ಗೆ ನೂರಾರು ರೂಪಾಯಿಯಿಂದ ಕೆಲವು ಸಾವಿರದವರೆಗೆ ಸಿಗಬಹುದು. ಕೋಟಿ ಅಲ್ಲ.

ವಾಲ್ವ್ ದನಿ ನಿಜವಾಗಿಯೂ ಇಂಪೇ?

ಇಲ್ಲಿ ಇನ್ನೊಂದು ಬಗೆಯ ಫಾರ್ವರ್ಡ್ ಎದುರಾಗುತ್ತದೆ. ಇದನ್ನು ನಂಬುವವರು ಓದಿದವರು, ಸಂಬಳ ಚೆನ್ನಾಗಿರುವವರು: ವಾಲ್ವ್ ಆಂಪ್ಲಿಫೈಯರ್ ಶುದ್ಧ, ಅದು ಸಂಗೀತವನ್ನು ಇದ್ದದ್ದು ಇದ್ದ ಹಾಗೆ ಕೊಡುತ್ತದೆ, ಟ್ರಾನ್ಸಿಸ್ಟರ್ ಮತ್ತು ಡಿಜಿಟಲ್ ಅದನ್ನು ಕೊಲ್ಲುತ್ತವೆ.

ಅಳತೆ ಹೇಳುವುದು ಇದಕ್ಕೆ ಉಲ್ಟಾ. ಒಂದೇ ವಾಲ್ವ್ ಮೇಲೆ ನಡೆಯುವ, ಹವ್ಯಾಸಿಗಳು ಮೆಚ್ಚುವ ಆಂಪ್ಲಿಫೈಯರ್‌ಗಳಲ್ಲಿ ವಾಲ್ಯೂಮ್ ಏರಿಸಿದಾಗ ಶೇಕಡಾ ಕೆಲವು ಪಾಲು ಹೊಸ ಧ್ವನಿ ಸೇರಿಕೊಳ್ಳುತ್ತದೆ. ಮೂಲ ರೆಕಾರ್ಡಿಂಗ್‌ನಲ್ಲಿ ಅದು ಇರಲೇ ಇಲ್ಲ. ಸಾಧಾರಣ ಬೆಲೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲೂ ಇದು ಶೇಕಡಾ 0.1ಕ್ಕಿಂತ ಕಡಿಮೆ ಇರುತ್ತದೆ.

ಆದರೆ ಸೇರುವುದು ಏನು ಎನ್ನುವುದರಲ್ಲಿ ಸ್ವಾರಸ್ಯ ಇದೆ. 200 ಹರ್ಟ್ಜ್‌ನ ಷಡ್ಜ ನುಡಿಸಿದರೆ ವಾಲ್ವ್ ಅದಕ್ಕೆ ಮುಖ್ಯವಾಗಿ 400 ಹರ್ಟ್ಜ್ ಅನ್ನು ಚೂರು ಸೇರಿಸುತ್ತದೆ. ಅದು ಮೇಲಿನ ಷಡ್ಜ. ಸೇರಿದ್ದು ಅಪಸ್ವರವಲ್ಲ, ಆದ್ದರಿಂದ ಕಿವಿಗೆ ದನಿ ತುಂಬಿಕೊಂಡಂತೆ ಕೇಳುತ್ತದೆ. ಶಕ್ತಿ ಸಾಲದಾದಾಗ ವಾಲ್ವ್ ಅಲೆಯ ತುದಿಯನ್ನು ಮೆಲ್ಲಗೆ ಬಾಗಿಸುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಅದೇ ಸ್ಥಿತಿಯಲ್ಲಿ ಕತ್ತರಿಸಿಬಿಡುತ್ತದೆ. ಕತ್ತರಿಸಿದಾಗ ಏಳನೆಯ, ಒಂಬತ್ತನೆಯ ಪಟ್ಟಿನ ಕಂಪನಗಳು ಎದ್ದು ಕರ್ಕಶವಾಗುತ್ತದೆ. ಏಳನೆಯದಂತೂ ನಮ್ಮ ಯಾವ ಸ್ವರಕ್ಕೂ ಸರಿಯಾಗಿ ಕೂರುವುದಿಲ್ಲ.

ತಂಬೂರಿ ಕೇಳಿದವರಿಗೆ ಇದು ಹೊಸದಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲಿನ ಎಳೆ ಸಿಕ್ಕಿಸುತ್ತಾರೆ. ಅದು ಸರಿಯಾದ ಜಾಗಕ್ಕೆ ಬಂದಾಗ ದನಿ ಝೇಂಕರಿಸಿ, ಮೀಟದೇ ಇರುವ ಗಾಂಧಾರವೂ ಕೇಳಿಸುತ್ತದೆ. ಆ ಗಾಂಧಾರ ಷಡ್ಜದ ಐದನೆಯ ಪಟ್ಟಿನ ಕಂಪನ. ತಂತಿ ವಾದ್ಯಗಳ ಈ ವಿಶೇಷವನ್ನು ಸಿ.ವಿ. ರಾಮನ್ 1921ರಲ್ಲೇ ವಿವರಿಸಿದ್ದರು. ಮುಂದೆ ಅವರ ಸಂಸ್ಥೆ ನೆಲೆಯೂರಿದ್ದು ಮೇಖ್ರಿ ಸರ್ಕಲ್ ಸಮೀಪ. ತಂಬೂರಿಗೆ ನೂಲು ಮಾಡುವುದನ್ನು ರೆಕಾರ್ಡಿಂಗ್‌ಗೆ ವಾಲ್ವ್ ಚೂರು ಮಟ್ಟಿಗೆ ಮಾಡುತ್ತದೆ. ಇಂಪು ನಿಜ. ಶುದ್ಧ ಎಂಬ ಮಾತು ತಪ್ಪು. ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಅಕ್ಕಿಯ ರುಚಿಯೇ ಹೀಗೆ ಎಂದರೆ ಹೇಗೋ ಹಾಗೆ.

1985ರಲ್ಲಿ ಅಮೆರಿಕದ ಎಂಜಿನಿಯರ್ ಬಾಬ್ ಕಾರ್ವರ್ ಇದನ್ನು ಪಂಥಕ್ಕೆ ಇಟ್ಟರು. ‘ಸ್ಟೀರಿಯೊಫೈಲ್’ ಎಂಬ ಹೈಎಂಡ್ ಆಡಿಯೊ ಪತ್ರಿಕೆಯ ಸಂಪಾದಕರು ಮೆಚ್ಚಿದ ದುಬಾರಿ ಆಂಪ್ಲಿಫೈಯರ್‌ನ ದನಿಯನ್ನು ತಮ್ಮ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಿಂದ ಬರಿಸುತ್ತೇನೆ ಎಂದರು. ಹೋಟೆಲ್ ಕೋಣೆಯಲ್ಲಿ ಕೂತು ಎರಡರ ವ್ಯತ್ಯಾಸ ಅಳೆಯುತ್ತಾ ತಮ್ಮದನ್ನು ತಿದ್ದುತ್ತಾ ಹೋದರು. ಕೊನೆಗೆ ಸಂಪಾದಕರಿಗೆ ಯಾವುದು ಯಾವುದೆಂದು ಹೇಳಲಾಗಲಿಲ್ಲ. ಆ ಮಾದರಿ ಆಂಪ್ಲಿಫೈಯರ್ ವಾಲ್ವ್‌ನದು ಎಂದು ಆಮೇಲೆ ಹೊರಬಿತ್ತು. ವಾಲ್ವ್‌ನ ದನಿಯಲ್ಲಿ ಅಳೆಯಲಾಗದ ಮಾಯೆ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಸಂಗ ನಮಗೆ ಗೊತ್ತಿಲ್ಲ.

ಡಿಜಿಟಲ್ ಬಗ್ಗೆಯೂ ಒಂದು ಪರೀಕ್ಷೆ ಇದೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಹೈ-ರೆಸಲ್ಯೂಷನ್ ಡಿಸ್ಕ್‌ನ ಧ್ವನಿಯನ್ನೂ, ಅದನ್ನೇ ಮಾಮೂಲಿ ಸಿಡಿ ಗುಣಮಟ್ಟಕ್ಕೆ ಇಳಿಸಿದ ಧ್ವನಿಯನ್ನೂ ಯಾವುದೆಂದು ತಿಳಿಸದೆ ಕೇಳಿಸಿದರು. 554 ಸಲದಲ್ಲಿ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ.

ಹಳೆ ರೆಕಾರ್ಡಿಂಗ್‌ಗಳ ವಿಷಯದಲ್ಲಿ ವಾಲ್ವ್ ಪ್ರೇಮಿಗಳ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. 1902ರಲ್ಲಿ ಕೋಲ್ಕತ್ತದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ, ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡ ಗೌಹರ್ ಜಾನ್ ಅವರ ಆರಂಭದ ತಟ್ಟೆಗಳಲ್ಲಿ ವಿದ್ಯುತ್ತೇ ಇರಲಿಲ್ಲ. ತುತ್ತೂರಿಯಂಥ ಕೊಳವೆಯ ಮುಂದೆ ಗಟ್ಟಿಯಾಗಿ ಹಾಡಿದರೆ ಸೂಜಿ ನೇರವಾಗಿ ಮೇಣದ ಮೇಲೆ ಗೀರುತ್ತಿತ್ತು. 1925ರಿಂದ ಮೈಕು ಮತ್ತು ವಾಲ್ವ್ ಬಂದವು. ಅಲ್ಲಿಂದ ಟ್ರಾನ್ಸಿಸ್ಟರ್ ಕಾಲದವರೆಗಿನ ರೆಕಾರ್ಡಿಂಗ್‌ಗಳು ವಾಲ್ವ್ ದಾಟಿಯೇ ತಟ್ಟೆಗೆ ಇಳಿದಿವೆ. ಅವುಗಳನ್ನು ಮೊಬೈಲ್‌ನಲ್ಲಿ ಕೇಳಿದರೂ ಆ ತುಪ್ಪ ಈಗಾಗಲೇ ಬೆರೆತಿದೆ.

ಕೊಳ್ಳಲೇಬೇಕು ಎನ್ನುವವರಿಗೆ ಎರಡು ಮಾತು. ಒಂದು, ಹೆಸರುವಾಸಿ ‘300ಬಿ’ ವಾಲ್ವ್ ಒಂದರಿಂದ ಬರುವುದು ಸುಮಾರು 8 ವಾಟ್. ಸಾಮಾನ್ಯ ಸ್ಪೀಕರ್ 1 ವಾಟ್‌ಗೆ, 1 ಮೀಟರ್ ದೂರದಲ್ಲಿ, 87 ಡೆಸಿಬೆಲ್ ಆಸುಪಾಸು ಕೊಡುತ್ತದೆ. 8 ವಾಟ್‌ಗೆ ಅದು 96ಕ್ಕೆ ನಿಲ್ಲುತ್ತದೆ. ಮೆಲ್ಲನೆಯ ವೀಣೆಗೆ ಧಾರಾಳ ಸಾಕು. ತನಿ ಆವರ್ತನದ ಮೃದಂಗದ ಪೆಟ್ಟಿಗೆ ಕಷ್ಟ. ಹಾಗಾಗಿ ಇಂಥ ಆಂಪ್ಲಿಫೈಯರ್ ಜೊತೆ ಕಡಿಮೆ ಶಕ್ತಿಗೆ ಜೋರು ದನಿ ಕೊಡುವ ದುಬಾರಿ ಸ್ಪೀಕರ್ ಕೂಡ ಬೇಕಾಗುತ್ತದೆ. ಎರಡು, ಅಂಗಡಿಯಲ್ಲಿ ಎರಡು ಆಂಪ್ಲಿಫೈಯರ್ ಹೋಲಿಸಿ ಕೇಳುವಾಗ ಎರಡರ ಸದ್ದೂ ಸಮ ಇರುವಂತೆ ನೋಡಿಕೊಳ್ಳಿ. ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿಗೆ ಅದೇ ‘ಚೆನ್ನಾಗಿದೆ’ ಅನ್ನಿಸುತ್ತದೆ. ಹೆಬ್ಬಾಳ, ಯಲಹಂಕದ ಹೊಸ ಫ್ಲ್ಯಾಟ್‌ಗಳಲ್ಲಿ ಟೈಲ್ಸ್ ನೆಲ, ಗಾಜಿನ ಬಾಗಿಲು, ಬೋಳು ಗೋಡೆ. ಅಲ್ಲಿ ದಪ್ಪ ಜಮಖಾನೆ, ಪರದೆ, ಪುಸ್ತಕದ ಬೀರು ತರುವ ವ್ಯತ್ಯಾಸ ಆಂಪ್ಲಿಫೈಯರ್ ಬದಲಾಯಿಸುವುದಕ್ಕಿಂತ ದೊಡ್ಡದು.

ಅಟ್ಟದ ಮೇಲಿನ ರೇಡಿಯೊ ಏನು ಮಾಡುವುದು?

ಮೊದಲನೆಯದಾಗಿ, ಪ್ಲಗ್ ಹಾಕಿ ನೋಡಬೇಡಿ. ದಶಕಗಳಿಂದ ಸುಮ್ಮನಿದ್ದ ಕೆಪಾಸಿಟರ್‌ಗಳು ಒಳಗೇ ಹಾಳಾಗಿರುತ್ತವೆ. ಕರೆಂಟು ಕೊಟ್ಟೊಡನೆ ಸುಡಬಹುದು, ಜೊತೆಗೆ ಟ್ರಾನ್ಸ್‌ಫಾರ್ಮರ್ ಕೂಡ ಹೋಗಬಹುದು. ಒಳಗೆ 250 ವೋಲ್ಟ್ ಆಸುಪಾಸಿನ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಎಸಿ, ಡಿಸಿ ಎರಡರಲ್ಲೂ ನಡೆಯುವಂತೆ ಮಾಡಿದ ಕೆಲವು ಹಳೆ ಸೆಟ್‌ಗಳಲ್ಲಿ ಒಳಗಿನ ಲೋಹದ ಚಾಸಿಗೇ ಮೇನ್ಸ್ ತಗುಲಿಕೊಂಡಿರುತ್ತದೆ. ಹಿಂಬದಿಯ ರಟ್ಟು ತೆಗೆದು ಮಕ್ಕಳ ಕೈಗೆ ಕೊಡುವುದಂತೂ ಬೇಡವೇ ಬೇಡ.

ಹಳೆ ಟಿವಿ ಇನ್ನೂ ಅಪಾಯ. ಅದರ ಪಿಕ್ಚರ್ ಟ್ಯೂಬ್ ಕೂಡ ಒಂದು ದೊಡ್ಡ ವಾಲ್ವ್. ಅದು ಸಾವಿರಾರು ವೋಲ್ಟ್‌ನ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳಬಲ್ಲದು. ಒಡೆದರೆ ನಿರ್ವಾತದಿಂದಾಗಿ ಗಾಜು ಒಳಕ್ಕೆ ಕುಸಿದು ಚೂರುಗಳು ಸಿಡಿಯುತ್ತವೆ. ಆ ಗಾಜಿನಲ್ಲಿ ಸೀಸವೂ ಇದೆ. ಇದನ್ನು ಕೊಡಬೇಕಾದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ.

ರೇಡಿಯೊವನ್ನು ವಾಲ್ವ್ ಸೆಟ್ ಗೊತ್ತಿರುವ ಮೆಕ್ಯಾನಿಕ್‌ಗೆ ತೋರಿಸಿ. ಇಂಥವರು ಕಡಿಮೆಯಾಗಿದ್ದಾರೆ, ಆದರೆ ಇದ್ದಾರೆ. ಬಹಳ ಸಲ ಹಾಳಾಗಿರುವುದು ಕೆಪಾಸಿಟರ್‌ಗಳು, ಡಯಲ್‌ನ ದಾರ ಮತ್ತು ಇಲಿ ಕಡಿದ ವೈರು. ವಾಲ್ವ್‌ಗಳು ಸರಿಯಾಗಿಯೇ ಇರುತ್ತವೆ. ಮಾರುವುದೇ ಆದರೆ ವಾಲ್ವ್‌ಗಳನ್ನು ಕೀಳದೆ ಇಡೀ ಸೆಟ್ಟಿನ ಫೋಟೊ, ಜೊತೆಗೆ ಪ್ರತಿ ವಾಲ್ವ್ ಮೇಲಿನ ಅಕ್ಷರಗಳ ಫೋಟೊ ತೆಗೆದು ಎರಡು ಮೂರು ಕಡೆ ವಿಚಾರಿಸಿ. ಆ ಬರಹವನ್ನು ಬಟ್ಟೆಯಿಂದ ಉಜ್ಜಬೇಡಿ, ಹಳೆ ಶಾಯಿ ಬೆರಳು ತಾಗಿದರೂ ಅಳಿಸಿಹೋಗುತ್ತದೆ. ಕೊಳ್ಳಲು ಬಂದವರು ಬೆಳ್ಳಿ ಮಚ್ಚೆಯನ್ನು ನೋಡಿ ವಾಲ್ವ್ ಬದುಕಿದೆಯೇ ಎಂದು ಪರೀಕ್ಷಿಸಿದರೆ ಅವರಿಗೆ ಕಸುಬು ಗೊತ್ತಿದೆ. ಬೆಳ್ಳುಳ್ಳಿ ತರಲು ಹೇಳಿದರೆ ಬಾಗಿಲು ಹಾಕಿಕೊಳ್ಳಿ.